ಮೈಕಿನ ಎದುರಿನ ಸ್ಟೂಲು

ಊರಿಗೆ ರೇಡಿಯೋ ಕೇಂದ್ರ ಕಟ್ಟಿದ ಗುರುಸಿದ್ದಪ್ಪ ಮಾಸ್ತರರು ತೀರಿಕೊಂಡ ಮರುದಿನವೇ ಪುರಸಭೆ ಅಧ್ಯಕ್ಷರು ಅಲ್ಲಿಗೆ ಬಂದರು. ಆ ಕೇಂದ್ರಕ್ಕೆ ಬೀಗ ಹಾಕಿಸಲು ಓಡಾಡಿದವರು ಇವರೇ.

"ಶ್ರದ್ಧಾಂಜಲಿ ಭಾಷಣ ಮಾಡ್ತೀನಿ. ಒಂದು ತಾಸು ಬೇಕು."

ಯಂತ್ರ ನೋಡಿಕೊಳ್ಳುವ ದ್ಯಾಮಣ್ಣ ಇಲ್ಲ ಅನ್ನಲಿಲ್ಲ. "ಎರಡು ತಾಸು ಮಾತಾಡ್ರಿ ಸಾಹೇಬ್ರ. ಆದ್ರ ಮಾಸ್ತರರದು ಒಂದು ಪದ್ಧತಿ ಐತಿ. ಎದುರಿನ ಸ್ಟೂಲಿನ ಮ್ಯಾಲೆ ಒಬ್ಬರನ್ನ ಕೂಡಿಸಿ, ಅವರ ಮುಖಾ ನೋಡಿ ಮಾತಾಡಬೇಕು."

"ಯಾರನ್ನಾರ ಕೂಡಿಸು."

ದ್ಯಾಮಣ್ಣ ಮಾಸ್ತರರ ಹೆಂಡತಿ ನೀಲವ್ವನನ್ನು ಕರೆತಂದು ಕೂಡಿಸಿದ.

"ಮಾಸ್ತರರು ನನ್ನ ಜೀವದ ಗೆಳೆಯರು," ಎಂದು ಅಧ್ಯಕ್ಷರು ಶುರು ಮಾಡಿದರು. ನೀಲವ್ವ ಅವರನ್ನೇ ನೋಡುತ್ತ ಕೂತಿದ್ದರು. ಅಧ್ಯಕ್ಷರು ಬರೆದು ತಂದಿದ್ದ ಭಾಷಣ ಮಡಚಿಟ್ಟರು. "ನಾನು ಅವರಿಗೆ ಭಾಳ ತ್ರಾಸ ಕೊಟ್ಟೆ, ತಾಯಿ," ಎಂದರು. ಊರೆಲ್ಲ ಕೇಳಿತು.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಾಕ್ರಿ. ಅವರು ಕಾದಿದ್ದೂ ಇಷ್ಟಕ್ಕ."