ಕೆಂಪು ಹಣ್ಣು ಯಾರು ತಿನ್ನಿಸಿ ನೋಡಿದರು?

ನವೆಂಬರ್ ಹದಿನಾಲ್ಕು, ಭಾನುವಾರ. ರಾಣೆಬೆನ್ನೂರಿನಲ್ಲಿ ಬೆಳಗಿನಿಂದ ಮೋಡ ಮುಸುಕಿತ್ತು. ಮಳೆ ಇರಲಿಲ್ಲ, ಥಂಡಿ ಗಾಳಿ ಬೀಸುತ್ತಿತ್ತು.

ಅಂದು ಇಂದುಮತಿಯ ಕನ್ನಡಕದ ಅಂಗಡಿಗೆ ರಜೆ. ಅಡುಗೆ ಮುಗಿಸಿ ಕಂಪ್ಯೂಟರ್ ತೆರೆದವಳು ಹಾಗೇ ಕುರ್ಚಿಗೆ ಕುಸಿದಳು. ಚಿನಕುರಳಿ ಕೆಮ್ಮುತ್ತಿತ್ತು.

ಚಿನಕುರಳಿ ಎಂದರೆ ಒಂದು ಮಿಣುಕ. ‘ಮಿಣುಕಲೋಕ’ ಎಂಬ ಕಂಪ್ಯೂಟರ್ ಆಟದೊಳಗಿನ ಅಂಗೈಯಗಲದ ಜೀವಿ. ನಿಜವಾದ ಜೀವ ಅವಕ್ಕಿಲ್ಲ. ಆದರೆ ಜೀವವಿದ್ದಂತೆಯೇ ಎಲ್ಲವೂ ನಡೆಯುತ್ತದೆ. ಮೊಟ್ಟೆಯೊಡೆದು ಬರುತ್ತವೆ, ಹಸಿಯುತ್ತವೆ, ಹೆದರುತ್ತವೆ, ಹೇಳಿಕೊಟ್ಟದ್ದನ್ನು ಕಲಿಯುತ್ತವೆ. ತಾಯಿಯ ಬಣ್ಣವೂ ತಂದೆಯ ಹಠವೂ ಮರಿಗೆ ಬರುತ್ತವೆ. ಆಡುವವರು ಅವನ್ನು ಕುಣಿಸುವಂತಿಲ್ಲ, ಸಾಕಬೇಕು ಅಷ್ಟೆ. ಒಬ್ಬೊಬ್ಬರಿಗೆ ಒಂದೊಂದು ಕೊಳ, ಅದರ ದಂಡೆಯಲ್ಲಿ ಅವರವರ ಮಿಣುಕಗಳು. ಕಂಪ್ಯೂಟರ್ ಮುಚ್ಚಿಟ್ಟರೂ ಅಲ್ಲಿ ಕಾಲ ನಿಲ್ಲುವುದಿಲ್ಲ. ನಮ್ಮ ಒಂದು ಗಂಟೆ ಅವಕ್ಕೆ ಒಂದು ದಿನ. ಸತ್ತದ್ದನ್ನು ಮತ್ತೆ ಎಬ್ಬಿಸುವ ಗುಂಡಿ ಆ ಆಟದಲ್ಲಿ ಇಲ್ಲ.

ಚಿನಕುರಳಿಯದು ನೀಲಿ ಬಾಲ. ಆ ಬಳಗವನ್ನು ಇಂದುಮತಿ ವರ್ಷಗಟ್ಟಲೆ ಬೆಳೆಸಿದ್ದಳು. ಹಳೆಯವು ಮುದಿಯಾಗಿ ಹೋಗಿ ಈಗ ಉಳಿದದ್ದು ಇದೊಂದೇ. ಅದರ ಹೊಟ್ಟೆಯಲ್ಲಿ ಮೊಟ್ಟೆಯಿತ್ತು. ಸಂಜೆಯವರೆಗೆ ಬದುಕಿದರೆ ಮೊಟ್ಟೆ ಇಡುತ್ತದೆ, ಬಳಗ ಉಳಿಯುತ್ತದೆ. ಇಲ್ಲದಿದ್ದರೆ ನೀಲಿ ಬಾಲ ಅಲ್ಲಿಗೆ ಮುಗಿಯಿತು.

ಕೆಮ್ಮುಜ್ವರ ಆ ಲೋಕದಲ್ಲಿ ಅಪರೂಪದ ಕಾಯಿಲೆ. ಆ ವಾರ ಮಾತ್ರ ಅದು ಕೊಳದಿಂದ ಕೊಳಕ್ಕೆ ಹರಡಿ ಎಲ್ಲರನ್ನೂ ಕಂಗೆಡಿಸಿತ್ತು. ಇಂದುಮತಿ ತಡಮಾಡಲಿಲ್ಲ. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಬೇರೆಯವರಿಗೆ ಅದನ್ನು ಹೇಳಿಕೊಟ್ಟವಳೇ ಅವಳು.

ಮಿಣುಕ ಸಾಕುವ ಕನ್ನಡಿಗರು ಸೇರಿ ಒಂದು ವಿಕಿ ಕಟ್ಟಿದ್ದರು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಟಗಳು. ಸಂಬಳ ಸಾರಿಗೆ ಏನೂ ಇಲ್ಲ. ಹೆಚ್ಚಿನ ಭಾರ ಹೊತ್ತವರು ಮೂವರು. ಶುರು ಮಾಡಿದವರು ಕೊಳ್ಳೇಗಾಲದ ನಂಜುಂಡಸ್ವಾಮಿ, ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಎರಡನೆಯವನು ಸಿಂಧನೂರಿನ ಮೆಹಬೂಬ್, ಮೊಬೈಲ್ ರಿಪೇರಿ ಮಾಡುವವನು. ಮೂರನೆಯವಳು ಇಂದುಮತಿ. ಮೂವರೂ ಮುಖತಃ ಭೇಟಿಯಾದವರಲ್ಲ. ಆದರೂ ಅಣ್ಣ, ಅಕ್ಕ ಎನ್ನುವಷ್ಟು ಸಲುಗೆ ಬೆಳೆದಿತ್ತು.

ಅವರಲ್ಲಿ ಒಂದು ಕಟ್ಟಳೆಯಿತ್ತು. ಆಧಾರವಿಲ್ಲದೆ ಒಂದು ಸಾಲೂ ನಿಲ್ಲಬಾರದು. ಸಾಲಿನ ಕೊನೆಯಲ್ಲಿ ಅದು ಎಲ್ಲಿಂದ ಬಂತೆಂದು ಹೇಳಬೇಕು. ಮೊದಮೊದಲು ‘ನನ್ನ ಕೊಳದಲ್ಲಿ ಕಂಡದ್ದು’ ಎಂದು ಬರೆಯುತ್ತಿದ್ದರು. ಪುಟಗಳು ಹೆಚ್ಚಿದಂತೆ ‘ಇಂಥ ಪುಟ ನೋಡಿ’ ಎಂದರೂ ಸಾಕು ಎಂದಾಯಿತು. ಕೆಲಸ ಬೇಗ ಬೇಗ ಸಾಗಿತು. ಯಾರೂ ಅದನ್ನು ತಪ್ಪೆನ್ನಲಿಲ್ಲ.

ಹೊಸಬರಿಗಾಗಿ ಇಂದುಮತಿ ಬರೆದ ‘ಪ್ರಥಮ ಚಿಕಿತ್ಸೆ’ ಪುಟದಲ್ಲಿ ಈ ಸಾಲಿತ್ತು: ಕೆಮ್ಮು ಕಂಡ ಕೂಡಲೇ ಕೆಂಪು ಹಣ್ಣು ತಿನ್ನಿಸಿ.

ಅವಳು ಪರದೆಯ ಮೇಲಿನ ಪೊದೆಯಿಂದ ಒಂದು ಕೆಂಪು ಹಣ್ಣು ಕಿತ್ತಳು. ಅಷ್ಟರಲ್ಲಿ ವಿಕಿಯ ಚರ್ಚೆಯ ಪುಟದಲ್ಲಿ ನಂಜುಂಡಸ್ವಾಮಿಯವರ ಸಂದೇಶ ಬಂತು. “ದಯವಿಟ್ಟು ಯಾರೂ ಕೆಂಪು ಹಣ್ಣು ಕೊಡಬೇಡಿ. ಸ್ವಲ್ಪ ತಡೆಯಿರಿ.”

“ಯಾಕಣ್ಣ?” ಎಂದು ಇಂದುಮತಿ ಬರೆದಳು.

“ಹಣ್ಣು ತಿನ್ನಿಸಿದ ಮೇಲೆ ಸತ್ತುಹೋಯ್ತು ಅಂತ ಇಬ್ಬರು ಬರ್ದಿದ್ದಾರೆ. ವಾಸಿಯಾಯ್ತು ಅಂತ ಒಬ್ಬರು. ಆ ವಾಸಿಯಾದದ್ದು ಕೆಮ್ತಾ ಇತ್ತಾ ಅಂತ ಕೇಳಿದ್ರೆ, ಇಲ್ಲ, ಮುಂಜಾಗ್ರತೆಗೆ ತಿನ್ನಿಸಿದೆ ಅಂತಾರೆ. ಮೆಹಬೂಬ್, ಇದ್ದೀಯೇನಪ್ಪ? ಹಣ್ಣಿನ ಪುಟ ನಿಂದಲ್ವಾ? ಕೆಮ್ಮಿಗೆ ಅದು ಮದ್ದು ಅಂತ ನಿಂಗೆ ಹೇಗೆ ಗೊತ್ತು?”

“ನಿಮ್ಮ ಜ್ವರದ ಪುಟದಾಗ ಐತಲ್ರೀ ಸರ,” ಎಂದ ಮೆಹಬೂಬ್. “ನೀವು ಬರದೀರಿ ಅಂದಮ್ಯಾಲೆ ನಾ ಮತ್ಯಾಕ ನೋಡ್ಲಿ?”

“ನಾನು ಆಧಾರ ಅಂತ ಕೊಟ್ಟಿರೋದು ಇಂದುಮತಿ ಪುಟವನ್ನ. ಇಂದಮ್ಮ, ನೀನು ತಿನ್ನಿಸಿ ನೋಡಿದ್ಯಾ?”

ಇಂದುಮತಿ ತನ್ನ ಪುಟದ ಆ ಸಾಲನ್ನು ಮತ್ತೆ ಓದಿದಳು. ಅವಳ ಕೊಳಕ್ಕೆ ಕೆಮ್ಮುಜ್ವರ ಬಂದದ್ದು ಇದೇ ಮೊದಲು. “ಇಲ್ಲಣ್ಣ,” ಎಂದು ಬರೆದಳು. “ಮೆಹಬೂಬನ ಪುಟ ನೋಡಿ ಬರದೆ.”

ವಿಕಿಯಲ್ಲಿ ಹಳೆಯ ತಿದ್ದುಪಡಿಗಳೆಲ್ಲ ಉಳಿದಿರುತ್ತವೆ. ಮೂವರೂ ಕೆದಕಿ ನೋಡಿದರು. ಮೊದಲು ಬರೆದವರು ನಂಜುಂಡಸ್ವಾಮಿ. ಕೆಂಪು ಹಣ್ಣು ಸುಸ್ತಿಗೆ ಒಳ್ಳೆಯದು, ಕೆಮ್ಮಿಗೂ ಆಗಬಹುದು ಎಂದು ಊಹಿಸಿ ಬರೆದಿದ್ದರು. ಮೆಹಬೂಬ್ ಅದನ್ನು ತನ್ನ ಪುಟಕ್ಕೆ ತರುವಾಗ ‘ಆಗಬಹುದು’ ಹೋಗಿ ‘ಆಗುತ್ತದೆ’ ಆಯಿತು. ಇಂದುಮತಿಯ ಕೈಗೆ ಬಂದಾಗ ‘ತಿನ್ನಿಸಿ’ ಆಯಿತು. ಕೆಲವು ತಿಂಗಳ ನಂತರ ನಂಜುಂಡಸ್ವಾಮಿ ತಮ್ಮ ಸಾಲಿಗೆ ಆಧಾರವಿಲ್ಲದ್ದನ್ನು ಕಂಡು, ಇಂದುಮತಿಯ ಪುಟವನ್ನೇ ಆಧಾರವೆಂದು ಸೇರಿಸಿದ್ದರು. ‘ಆಗಬಹುದು’ ಎಂಬುದನ್ನೂ ಆಗಲೇ ಅಳಿಸಿದ್ದರು. ಒಂದು ಊಹೆ ಮೂರು ಮನೆ ಸುತ್ತಿ, ಹೊಸ ಬಟ್ಟೆ ತೊಟ್ಟು, ಹೊರಡಿಸಿದವರ ಬಾಗಿಲಿಗೇ ಬಂದು ನಿಂತಿತ್ತು. ಅವರು ಗುರುತು ಹಿಡಿಯದೆ ಒಳಗೆ ಕರೆದಿದ್ದರು.

ಚರ್ಚೆಯ ಪುಟ ನೋಡುತ್ತಿದ್ದ ಓದುಗನೊಬ್ಬ ಸುಮ್ಮನಿರಲಿಲ್ಲ. “ಬರೆಯುವಾಗ ಡಾಕ್ಟರು, ಕೇಳಿದಾಗ ಕಾಂಪೌಂಡರು! ಚೆನ್ನಾಗಿದೆ ನಿಮ್ಮ ಆಸ್ಪತ್ರೆ,” ಎಂದು ಬರೆದ.

ಚಿನಕುರಳಿ ಮತ್ತೆ ಕೆಮ್ಮಿತು. ಈ ಸಲ ಕೆಮ್ಮು ನಿಲ್ಲಲು ತುಸು ಹೊತ್ತು ಹಿಡಿಯಿತು.

“ನಂಜುಂಡಣ್ಣ,” ಇಂದುಮತಿ ಬರೆದಳು, “ನೀಲಿ ಬಾಲದಾಗ ಉಳದದ್ದು ಇದೊಂದ. ಹೊಟ್ಟ್ಯಾಗ ಮೊಟ್ಟಿ ಐತಿ. ಹಣ್ಣು ಕೊಡ್ಲೋ, ಬ್ಯಾಡೋ? ಒಂದ ಮಾತು ಹೇಳ್ರಿ.”

“ಗೊತ್ತಿಲ್ಲಮ್ಮ.”

ಅವಳಿಗೆ ಮೈಯೆಲ್ಲ ಉರಿಯಿತು. “ಗೊತ್ತಿಲ್ಲ ಅನ್ನಾಕ ನೀವ್ಯಾಕ ಬೇಕ್ರಿ? ನಮ್ಮ ಬೀದಿ ನಾಯಿನೂ ಹೇಳ್ತೈತಿ.”

“ಗೊತ್ತು ಮಾಡ್ಕೊಂಡು ಹೇಳ್ತೀನಿ. ಅಲ್ಲೀವರೆಗೆ ತಡಿ, ತಾಯಿ.”

ಆಮೇಲೆ ನಂಜುಂಡಸ್ವಾಮಿಯವರ ಸಂದೇಶವಿಲ್ಲ. ಮೆಹಬೂಬನದೂ ಇಲ್ಲ. ಪುಟ ಖಾಲಿ ಅಂಗಳದಂತೆ ಬಿದ್ದಿತ್ತು.

ಇಂದುಮತಿಯ ಗಂಡ ಶಿವಯೋಗಿ ಬಾಗಿಲಲ್ಲಿ ಇಣುಕಿದ. “ಏನ, ನಿನ್ನ ಹಲ್ಲಿಗೆ ಇನ್ನೂ ಆರಾಮ ಆಗಲಿಲ್ಲೇನು?”

“ಹಲ್ಲಿ ಅಲ್ರಿ, ಮಿಣುಕ.”

“ಏನರ ಆಗ್ಲಿ. ರೊಟ್ಟಿ ಆರಿ ಹಪ್ಪಳ ಆಗ್ಯಾವು. ಮೊದ್ಲು ನೀ ಉಣ್ಣು, ಆಮೇಲೆ ಅದಕ್ಕ ಉಣಿಸುವಿಯಂತ.”

“ಅದಕ್ಕ ಉಣಿಸಬೇಕೋ ಬ್ಯಾಡೋ ಅನ್ನೋದ ಗೊತ್ತಾಗವಲ್ದು,” ಎಂದಳು ಇಂದುಮತಿ. ಅವಳ ದನಿ ಕೇಳಿ ಶಿವಯೋಗಿ ಮತ್ತೆ ತಮಾಷೆ ಮಾಡಲಿಲ್ಲ. ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟು ಹೋದ.

ಒಂದು ಗಂಟೆ ಕಳೆಯಿತು. ಚಿನಕುರಳಿಗೆ ಒಂದು ಹಗಲು, ಒಂದು ರಾತ್ರಿ. ಅದು ಕಲ್ಲಿಗೆ ಒರಗಿ ಕೂತಿತ್ತು. ಬಾಲದ ನೀಲಿ ಮಂಕಾಗಿತ್ತು. ಇಂದುಮತಿ ಹಣ್ಣನ್ನು ಅದರ ಹತ್ತಿರ ತಂದಳು. ಮರಿಯಾಗಿದ್ದಾಗಿನಿಂದ ಅದು ಅವಳ ಕೈಯಿಂದ ತಿಂದು ಬೆಳೆದದ್ದು. ಹಣ್ಣು ಕಂಡಕೂಡಲೇ, ಕಷ್ಟಪಟ್ಟು ತಲೆಯೆತ್ತಿ ಬಾಯಿ ತೆರೆಯಿತು.

ಇಂದುಮತಿ ಹಣ್ಣನ್ನು ಅದರ ಬಾಯಿಯ ಮುಂದೆಯೇ ಹಿಡಿದು ಕೂತಳು. ಕೊಟ್ಟು ಸತ್ತರೆ ತಾನೇ ಕೊಂದಂತೆ. ಕೊಡದೆ ಸತ್ತರೂ ತಾನೇ ಕೊಂದಂತೆ. ಪುಟ ಓದಿದ್ದವರಲ್ಲಿ ಎಷ್ಟು ಮಂದಿ ಇದೇ ಹೊತ್ತಿಗೆ ಹೀಗೆ ಹಣ್ಣು ಹಿಡಿದು ಕೂತಿದ್ದಾರೋ ಎಂದು ಅವಳಿಗೆ ಆಗ ಹೊಳೆಯಿತು. ಅವಳು ಹಣ್ಣನ್ನು ಹಿಂದಕ್ಕೆಳೆದಳು. ಚಿನಕುರಳಿ ತುಸುಹೊತ್ತು ಬಾಯಿ ತೆರೆದೇ ಇತ್ತು. ಆಮೇಲೆ ಮುಚ್ಚಿತು.

ಅವಳು ಮೊದಲು ತನ್ನ ಪುಟ ತೆರೆದು ಆ ಸಾಲನ್ನು ಅಳಿಸಿದಳು. ಅದರ ಜಾಗದಲ್ಲಿ ‘ಇದನ್ನು ಯಾರೂ ಪರೀಕ್ಷಿಸಿಲ್ಲ. ನೋಡದೆ ಬರೆದವಳು ನಾನು’ ಎಂದು ಬರೆದು ಹೆಸರು ಹಾಕಿದಳು. ಆಮೇಲೆ ತಿರುಗಿ ಚಿನಕುರಳಿಯ ಮುಂದೆ ಕೂತಳು.

ಇನ್ನೊಂದು ಗಂಟೆಯ ಮೇಲೆ ನಂಜುಂಡಸ್ವಾಮಿಯವರ ಸಂದೇಶ ಬಂತು. “ಕೆಂಪು ಹಣ್ಣು ಕೊಡಬೇಡಿ. ಕೆಮ್ಮುವ ಮಿಣುಕಕ್ಕೆ ಅದು ಉಸಿರು ಕಟ್ಟಿಸುತ್ತದೆ. ಮದ್ದು ಯಾವುದೆಂದು ನಮಗೆ ಗೊತ್ತಿಲ್ಲ. ಬೆಚ್ಚಗಿಡಿ, ನೀರು ಕೊಡಿ. ತಾನಾಗಿ ಇಳಿಯುವುದನ್ನು ಕಂಡಿದ್ದೇನೆ.” ಸಾಲಿನ ಕೊನೆಯಲ್ಲಿ ಆಧಾರವಿತ್ತು: ನನ್ನ ಕೊಳದಲ್ಲಿ ಕಂಡದ್ದು.

ಇಂದುಮತಿ ಚಿನಕುರಳಿಯನ್ನು ಒಣ ಎಲೆಗಳ ಗೂಡಿಗೆ ಸರಿಸಿದಳು. ನೀರು ಕುಡಿಸಿದಳು. ಮಧ್ಯಾಹ್ನ ಅದು ಮಲಗಿದ್ದಲ್ಲಿಂದ ಅಲ್ಲಾಡಲಿಲ್ಲ. ಸತ್ತಿತೇ ಎಂದು ಅವಳು ಎರಡು ಸಲ ಕುರ್ಚಿಯಿಂದ ಎದ್ದಳು. ಮೂರರ ಮೇಲೆ ಕೆಮ್ಮಿನ ನಡುವಿನ ಬಿಡುವು ಉದ್ದವಾಯಿತು. ಐದು ಗಂಟೆಗೆ ಎಲೆಗಳ ನಡುವೆ ತಿಳಿನೀಲಿ ಮೊಟ್ಟೆಯೊಂದು ಕಂಡಿತು. ಅದರ ಪಕ್ಕದಲ್ಲಿ ಚಿನಕುರಳಿ ನೆಟ್ಟಗೆ ಕೂತು ನೀರು ಬೇಡುತ್ತಿತ್ತು.

ಇಂದುಮತಿ ಕಣ್ಣೊರೆಸಿಕೊಂಡು ಮೆಹಬೂಬನಿಗೆ ಫೋನ್ ಮಾಡಿದಳು. ಮೂವರ ನಡುವೆ ನಂಬರು ಇದ್ದರೂ ಫೋನಿನಲ್ಲಿ ಮಾತಾಡಿದ್ದು ಅಪರೂಪ.

“ತಮ್ಮಾ, ಉಳೀತಪ್ಪ. ಮೊಟ್ಟಿ ಇಟ್ಟೈತಿ.”

“ಭಾಳ ಚಲೋ ಆತು ಅಕ್ಕಾರ.”

“ಅಣ್ಣಾರಿಗೆ ನಾ ಬಾಯಿಗೆ ಬಂದಂಗ ಅಂದುಬಿಟ್ಟೆ. ಆಮೇಲೆ ಕ್ಷಮಾ ಕೇಳ್ತೀನಿ. ಅಲ್ಲಾ, ಅವರಿಗೆ ಹೆಂಗ ಗೊತ್ತಾತು? ಅವರ ಕೊಳದಾಗ ಜ್ವರ ಇರಲಿಲ್ಲಲ್ಲ?”

“ಇರಲಿಲ್ರಿ. ಅವ್ರೇ ತಂದ್ರು.”

“ಅಂದ್ರ?”

“ನಿಮ್ಮ ನೀಲಿ ಬಾಲದಂಗ ಅವ್ರದು ಕಂಚುಗಣ್ಣಿನ ಬಳಗ, ಅದರಾಗ ಎರಡ ಉಳದಿದ್ದುವು. ಒಂದು ಗಂಡು, ಒಂದು ಹೆಣ್ಣು. ಬ್ಯಾರೆ ಎಲ್ಲೂ ಇರಲಿಲ್ಲ. ಎರಡನ್ನೂ ರೋಗ ಇದ್ದ ಇನ್ನೊಬ್ರ ಕೊಳಕ್ಕ ಇಳಿಸಿ, ತಿರುಗಿ ತಮ್ಮ ಕೊಳಕ್ಕ ತಂದು, ಕೆಮ್ಮು ಬರೋ ಮಟ ಕಾದ್ರು. ಒಂದಕ್ಕ ಹಣ್ಣು ಕೊಟ್ರು, ಒಂದಕ್ಕ ಕೊಡಲಿಲ್ಲ. ನನ್ನವು ಭಾಳ ಅದಾವ್ರೀ ಸರ, ನನ್ನವು ತಗೋರಿ ಅಂದೆ. ಅವ್ರು ಕೇಳಲಿಲ್ಲ. ಮೊದ್ಲು ಬರೆದೋನು ನಾನು, ನಂದೇ ಹೋಗ್ಲಿ ಅಂದ್ರು.”

“ಹಣ್ಣು ತಿಂದದ್ದು?”

“ತಿಂದು ಬಾಯಿ ಮುಚ್ಚೋದ್ರಾಗ ಹೋತ್ರಿ. ಗಂಡು ಅದು.”

“ಹೆಣ್ಣು?”

“ಜ್ವರ ಇಳೀತು. ಬದುಕೈತಿ. ಒಂದ ಐತಿ ಈಗ, ಅಕ್ಕಾರ. ಮೊಟ್ಟಿ ಇಲ್ಲ, ಜೋಡಿ ಇಲ್ಲ. ತಾಯಿ ತಂದಿ ಇಬ್ರಿಗೂ ಇದ್ರನ ಮರಿಗೆ ಆ ಕಣ್ಣು ಬರೋದು. ಅದರ ಕೂಡ ಕಂಚುಗಣ್ಣು ಮುಗೀತು.”

ನೀತಿ: ಹತ್ತು ಮಂದಿ ಒಬ್ಬರನ್ನೊಬ್ಬರು ನಂಬಿ ಹೇಳಿದ ಮಾತು ಒಬ್ಬನೂ ಕಣ್ಣಾರೆ ಕಾಣದ ಮಾತಾಗಿರಬಹುದು. ಆದ್ದರಿಂದ ಇತರರು ನಂಬಿ ನಡೆಯುವಂಥದ್ದನ್ನು ಬರೆಯುವ ಮೊದಲು ತಾನೇ ನೋಡಬೇಕು. ನೋಡದೆ ಬರೆದದ್ದಾದರೆ ‘ಗೊತ್ತಿಲ್ಲ’ ಎನ್ನಲು ಅಂಜಬಾರದು. ತಿಳಿದುಕೊಳ್ಳಲು ತೆರಬೇಕಾದ ಬೆಲೆಯನ್ನು ತನ್ನದರಿಂದಲೇ ತೆರಬೇಕು, ನಂಬಿದವರಿಂದ ತೆರಿಸಬಾರದು.