ಒಂದು ಕಿವಿಗೆ ಎರಡು ಮೈಕು

ಇದು ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ನಡೆದದ್ದು. ಬೇರೆ ಯಾರಾದರೂ ಹೇಳಿದ್ದರೆ ನೀವು ಅನುಮಾನ ಪಡಬಹುದಿತ್ತು. ಹೇಳುತ್ತಿರುವವನು ನಾನು, ಆದ್ದರಿಂದ ಚಿಂತೆಯಿಲ್ಲ.

ಗುರುಗಳ ಹೆಸರು ಮಡಿವಾಳಯ್ಯ. ಊರವರ ಬಾಯಲ್ಲಿ ಅಜ್ಜಾರು. ಅವರದು ಬಲು ಮೆಲುದನಿ. ಅವರು ಮಾತಿಗೆ ಕೂತರೆ ಇರುವೆಗಳು ಚಪ್ಪಲಿ ಬಿಟ್ಟು ಓಡಾಡುತ್ತಿದ್ದವು.

ಶಿಷ್ಯ ಕೊಟ್ರೇಶನ ದನಿ ಹಾಗಲ್ಲ. ಅವನು ಆಕಳಿಸಿದರೆ, ಯಾರೋ ಕರೆದರೆಂದು ಆಚೆ ದಡದಿಂದ ದೋಣಿ ಹೊರಟುಬಿಡುತ್ತಿತ್ತು.

ಆಶ್ರಮದಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ದ್ಯಾಮವ್ವ ಆಗ ಸೊಂಟ ಮುರಿದುಕೊಂಡು, ಆಚೆ ದಡದ ಮಗನ ಮನೆಯಲ್ಲಿ ಮಲಗಿದ್ದಳು. ಎರಡು ವಾರದಿಂದ ಗೋಡೆಯ ಕಡೆ ಮುಖ. ನಾಲ್ಕು ಗುಟುಕು ಗಂಜಿ ಬಿಟ್ಟರೆ ಏನೂ ಸೇರದು.

ಡಾಕ್ಟರು ಹೇಳಿದ್ದರು: "ಉಂಡರೆ ಎದ್ದಾಳು. ಉಣ್ಣದಿದ್ದರೆ ನನ್ನ ಕೈಲಿಲ್ಲ."

ದ್ಯಾಮವ್ವ ಹೇಳಿದ್ದಳು: "ಅಜ್ಜಾರ ಮಾತು ಕಿವಿಗೆ ಬೀಳದೆ ನನಗೆ ತುತ್ತು ಇಳಿಯೋದಿಲ್ಲ."

ಗುರುಗಳ ಮಂಡಿ ದೋಣಿ ಹತ್ತಲು ಒಪ್ಪದು. ಫೋನು ಮಾಡೋಣವೆಂದರೆ, ಆ ದಡದಲ್ಲಿ ಸಿಗ್ನಲ್ ಬೇಕಾದವರು ಬೇವಿನ ಮರ ಹತ್ತಬೇಕು.

"ಅಜ್ಜಾರೆ, ರೆಕಾರ್ಡ್ ಮಾಡಿ ಒಯ್ತೀನಿ," ಅಂದ ಕೊಟ್ರೇಶ.

ಅವನ ಹತ್ತಿರ ಸಾಮಾನಿಗೆ ಕೊರತೆಯಿರಲಿಲ್ಲ. ಎರಡು ಮೈಕು, ಒಂದು ರೆಕಾರ್ಡರು, ಕಿವಿ ಮುಚ್ಚುವ ಹೆಡ್‌ಫೋನು, ಹಾವಾಡಿಗನೂ ಹೆದರುವಷ್ಟು ವೈರು. ದನಿ ಗುಂಯ್ ಅನ್ನಬಾರದೆಂದು ಪಡಸಾಲೆಯ ಗೋಡೆಗೆಲ್ಲ ಕೌದಿ ಕಟ್ಟಿದ. ಗುರುಗಳನ್ನು ಎಡತುದಿಗೆ ಕೂರಿಸಿದ. ತಾನು ಬಲತುದಿಗೆ ಕೂತ. ನಡುವೆ ಎತ್ತಿನ ಗಾಡಿ ಹಾಯುವಷ್ಟು ಜಾಗ.

"ಇಷ್ಟು ದೂರ ಯಾಕೋ ತಮ್ಮಾ?"

"ಸ್ಟೀರಿಯೋ, ಅಜ್ಜಾರೆ! ನನ್ನ ಪ್ರಶ್ನೆ ಒಂದು ಕಿವಿಗೆ, ನಿಮ್ಮ ಉತ್ತರ ಇನ್ನೊಂದು ಕಿವಿಗೆ. ಕೇಳೋರಿಗೆ ನಮ್ಮಿಬ್ಬರ ನಡುವೆ ಕೂತಂಗೆ ಆಗ್ತದೆ. ಒಂದೇ ಮೈಕಿನಲ್ಲಿ ಮಾಡಿದರೆ ಅದು ಮೋನೋ. ಎರಡು ಕಿವಿಗೂ ಒಂದೇ ದನಿ. ಹಳೇ ಕಾಲದ್ದು."

"ಯಾರ ಕಿವಿಗೆ?" ಎಂದರು ಗುರುಗಳು.

ಕೊಟ್ರೇಶ ವೈರು ಬಿಡಿಸುತ್ತಿದ್ದ. ಕೇಳಿಸಲಿಲ್ಲ.

ಹನ್ನೆರಡು ಪ್ರಶ್ನೆ ಬರೆದುಕೊಂಡಿದ್ದ. ಹನ್ನೆರಡೂ ಕೇಳಿದ. ಗುರುಗಳು ಉತ್ತರ ಹೇಳುವಾಗ ಮುಂದಿನ ಪ್ರಶ್ನೆ ಓದಿಕೊಳ್ಳುತ್ತಿದ್ದ.

ಮರುದಿನ ದೋಣಿ ಹತ್ತಿ ಹೋದವನು ಸಂಜೆಗೆ ಮುಖ ಇಳಿಸಿಕೊಂಡು ಬಂದ.

"ಏನಾಯ್ತು?"

"ಪೂರ್ತಿ ಕೇಳಿದಳು, ಅಜ್ಜಾರೆ. ಹೆಡ್‌ಫೋನು ತೆಗೆದಿಟ್ಟು, 'ಅಜ್ಜಾರು ನನ್ನ ಮೇಲೆ ಸಿಟ್ಟಾಗ್ಯಾರೇನಪಾ? ನೀನು ಅಷ್ಟು ಕೇಳಿದರೂ ಒಂದು ಮಾತೂ ಆಡಲಿಲ್ಲ' ಅಂದಳು. ತಿರುಗಿ ಗೋಡೆಗೆ ಮುಖ ಮಾಡಿದಳು. ಇವತ್ತು ಗಂಜಿಯನ್ನೂ ಮುಟ್ಟಲಿಲ್ಲ."



"ದ್ಯಾಮವ್ವ ಇಲ್ಲಿ ಹೇಗೆ ಕೂರುತ್ತಿದ್ದಳು?" ಎಂದರು ಗುರುಗಳು.

"ಆ ಕಂಬದ ಪಕ್ಕ. ನಿಮ್ಮ ಕಡೆ ಬಲಮಗ್ಗುಲು, ಅಡುಗೆಮನೆ ಕಡೆ ಮುಖ."

"ಯಾಕೆ?"

"ಒಲೆ ಮೇಲೆ ಬೇಳೆ ಉಕ್ಕೀತು ಅಂತ."

"ಮೂವತ್ತು ವರ್ಷ ಒಂದೇ ಬೇಳೆಯೇ?"

ಕೊಟ್ರೇಶ ಕಂಬದ ಕಡೆ ತಿರುಗಿ ನೋಡಿದ.

ಗುರುಗಳು ಹೆಡ್‌ಫೋನನ್ನು ಅವನ ತಲೆಗೇರಿಸಿ, ಎಡಗಡೆಯದನ್ನು ಕಿವಿಯಿಂದ ಸರಿಸಿದರು.

"ಈಗ ಕೇಳು."

ಕೊಟ್ರೇಶ ಕೇಳಿದ. ಅವನದೇ ಪ್ರಶ್ನೆ. ಆಮೇಲೆ ಬರೀ ಮೌನ. ಮತ್ತೆ ಅವನದೇ ಪ್ರಶ್ನೆ. ಮತ್ತೆ ಮೌನ.

ಮೂರನೆಯ ಪ್ರಶ್ನೆಗೆ ಅವನಿಗೇ ಬೇಸರ ಬಂತು. "ಅಜ್ಜಾರೆ, ಸಾಕು. ತಿಳೀತು."

"ಅವಳು ಎಷ್ಟು ಕೇಳಿದಳು?"

"ಪೂರ್ತಿ."

"ಹಾಗಾದರೆ ನೀನೂ ಪೂರ್ತಿ ಕೇಳು."

ಪೂರ್ತಿ ಕೇಳಿದ. ಹನ್ನೆರಡನೆಯ ಪ್ರಶ್ನೆ ಮುಗಿಯುವಾಗ ಅವನ ಕಣ್ಣು ಒದ್ದೆಯಾಗಿತ್ತು.

"ಎಡಗಿವಿ ಕೇಳೋದಿಲ್ಲ ಅಂತ ನನಗೆ ಅವಳು ಹೇಳಲೇ ಇಲ್ಲ."

"ನನಗೂ ಹೇಳಲಿಲ್ಲ."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

"ಒಮ್ಮೆ ಅವಳ ಎಡಕ್ಕೆ ನಿಂತು ಉಪ್ಪು ಕೇಳಿದೆ. ಬರಲಿಲ್ಲ. ಬಲಕ್ಕೆ ಹೋಗಿ ಕೇಳಿದೆ. ಬಂತು."

ಕೊಟ್ರೇಶ ಥಟ್ಟನೆ ಎದ್ದ. "ಹಂಗಾದರೆ ಸುಲಭ! ಹೆಡ್‌ಫೋನು ತಿರುವಿ ಹಾಕಿದರೆ ಆಯ್ತು. ನಿಮ್ಮ ಮಾತು ಬಲಗಿವಿಗೆ ಬರ್ತದೆ."

"ಆಗ ನಿನ್ನ ಪ್ರಶ್ನೆ?"

"ಅದು ಎಡಕ್ಕೆ ಹೋಗ್ತದೆ. ಹೋಗಲಿ ಬಿಡ್ರಿ."

"ನಾನು ಯಾರಿಗೆ ಹೇಳ್ತಿದ್ದೀನಿ ಅಂತಲೇ ಗೊತ್ತಾಗದ ಮಾತು ಯಾಕೆ ಬೇಕು ಅವಳಿಗೆ?"

ಗುರುಗಳು ಒಂದು ಮೈಕನ್ನು ಎತ್ತಿ ಗೂಡಿನಲ್ಲಿಟ್ಟರು. ಉಳಿದ ಒಂದನ್ನು ತಮ್ಮ ಮುಂದೆ ಇಟ್ಟರು. ತಮ್ಮ ಚಾಪೆಯ ತುದಿಯನ್ನು ತಟ್ಟಿದರು.

"ಬಾ, ಇಲ್ಲಿ ಕೂತ್ಕೋ."

ಒಂದೇ ಮೈಕು, ಇಬ್ಬರು ಜನ. ಭುಜಕ್ಕೆ ಭುಜ ತಾಗಿತು. ರೆಕಾರ್ಡರನ್ನು ಗುರುಗಳ ಮೆಲುದನಿಗೆ ಹೊಂದಿಸಿದರೆ, ಕೊಟ್ರೇಶನ ಗಂಟಲಿಗೆ ದನಿ ಮಿತಿಮೀರಿತೆಂದು ಅದರ ಕೆಂಪು ದೀಪ ಹೊಡೆದುಕೊಳ್ಳುತ್ತಿತ್ತು. ಅವನು ದನಿ ಇಳಿಸಿದ. ಇನ್ನೂ ಇಳಿಸಿದ. ಆ ಸಂಜೆ ದೋಣಿಯವನು ಯಾರೂ ಕರೆಯಲಿಲ್ಲವೆಂದು ಮನೆಗೆ ಹೋಗಿಬಿಟ್ಟನಂತೆ.

ನಡುವೆ ಬಾಯಿ ಹಾಕಿದರೆ ಎರಡು ಮಾತೂ ಕಲಸಿಹೋಗುತ್ತಿದ್ದವು. ಆದ್ದರಿಂದ ಗುರುಗಳ ಮಾತು ಮುಗಿಯುವವರೆಗೂ ಕಾಯಬೇಕಾಯಿತು. ಕಾಯುತ್ತ ಕೂತವನು, ಆಶ್ರಮಕ್ಕೆ ಬಂದು ಮೂರು ವರ್ಷವಾದ ಮೇಲೆ, ಮೊದಲ ಸಲ ಒಂದು ಉತ್ತರವನ್ನು ಕೊನೆಯ ತನಕ ಕೇಳಿದ. ಕೇಳಿದ ಮೇಲೆ ಚೀಟಿಯಲ್ಲಿದ್ದ ಎರಡನೆಯ ಪ್ರಶ್ನೆ ಬೇಡವೆನಿಸಿತು. ಬೇರೊಂದು ಬಂತು.

"ಅಜ್ಜಾರೆ, ಮೈಗೆ ನೋವು ಬಂದರೆ ಏನು ಮಾಡಬೇಕು?"

"ನೋವು ಅತಿಥಿ ಇದ್ದಂಗೆ, ತಮ್ಮಾ. ಗದರಿಸಿದರೆ ಹೋಗೋದಿಲ್ಲ. ಕೂರಿಸಿ ಊಟ ಹಾಕು. ತಾನೇ ಎದ್ದು ಹೋಗ್ತದೆ."

ಮರುದಿನ ಕೊಟ್ರೇಶ ಮಧ್ಯಾಹ್ನಕ್ಕೇ ಬಂದ. ದೋಣಿ ದಡ ಮುಟ್ಟುವ ಮೊದಲೇ ನೀರಿಗೆ ಹಾರಿದ. ಮೊಸಳೆಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

"ಅಜ್ಜಾರೆ! ಉಂಡಳು! ಒಂದೂವರೆ ರೊಟ್ಟಿ!"

ಗುರುಗಳು ಕಣ್ಣು ಮುಚ್ಚಿ ತೆರೆದರು. "ಏನಂದಳು?"

"ನಿಮ್ಮ ದನಿ ಬಂದ ಕೂಡಲೇ ಗೋಡೆಯಿಂದ ಈ ಕಡೆ ತಿರುಗಿದಳು. ಆ ಅತಿಥಿಯ ಮಾತು ಬಂತು ನೋಡ್ರಿ, ಜಗಳಕ್ಕೇ ಬಿದ್ದಳು. 'ಮೂವತ್ತು ವರ್ಷ ಅತಿಥಿಗಳಿಗೆ ಉಣಿಸಿದಾಕಿ ನಾನು. ಉಂಡ ಅತಿಥಿ ಎದ್ದು ಹೋಗಿದ್ದನ್ನ ಈ ಅಜ್ಜಾರು ಯಾವಾಗ ಕಂಡಾರ? ಅಲ್ಲೇ ಕಾಲು ಚಾಚಿ ಮಲಗ್ತಾನ!' ಅಂದಳು. ಸೊಸೆಯನ್ನ ಕರೆದು, 'ರೊಟ್ಟಿ ತಾರವ್ವ, ಇವರ ಜತೆ ವಾದ ಮಾಡಾಕ ಶಕ್ತಿ ಬೇಕು' ಅಂದಳು."

ಗುರುಗಳು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕೇಳಿದರು:

"ನಿಜ. ಅಡುಗೆಮನೆ ಕಂಡವಳು ಅವಳು. ಹಾಗೆ ಮಲಗಿದವನನ್ನ ಎಬ್ಬಿಸೋದು ಹೇಗಂತೆ?"

"ಅದನ್ನೂ ಹೇಳಿದಳು, ಅಜ್ಜಾರೆ. ತುಂಬಾ ಹೊತ್ತು ಹೇಳಿದಳು."

"ಏನು ಹೇಳಿದಳು?"

ಕೊಟ್ರೇಶ ತಲೆ ಕೆರೆದುಕೊಂಡ. "ನಾನು ವೈರು ಸುತ್ತುತ್ತಿದ್ದೆ."

ಗುರುಗಳು ಎದ್ದರು. ಚಾಪೆಯ ಮುಂದಿದ್ದ ಮೈಕನ್ನು ತೆಗೆದು, ತಮ್ಮ ಹೆಗಲ ವಸ್ತ್ರದಲ್ಲಿ ಸುತ್ತಿ, ಅವನ ಕೈಗೆ ಕೊಟ್ಟರು.

"ದೋಣಿ ಇನ್ನೂ ದಡದಲ್ಲೇ ಇದೆ, ಹೋಗು. ಈ ಸಲ ಇದನ್ನ ಅವಳ ಕಡೆ ತಿರುಗಿಸಿ ಇಡು."