ಬಾಗಿಲ ಮೇಲಿನ ಜಾಯಿಂಟು

“ಗುರುಗಳೇ, ತಪ್ಪು ಮಾಡಿದವನು ಕ್ಷಮೆ ಕೇಳಿದ ಮೇಲೂ ಎದುರಿನವರು ಮುಖ ಕೊಟ್ಟು ಮಾತಾಡದಿದ್ದರೆ, ಆಗ ತಪ್ಪು ಯಾರದು?” ಎಂದು ಶಿಷ್ಯ ಕೇಳಿದ.

“ಏನೆಂದು ಕ್ಷಮೆ ಕೇಳಿದ್ದು?” ಎಂದರು ಗುರುಗಳು.

“ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ಎಲ್ಲರ ಎದುರಿಗೇ ಹೇಳಿದೆ. ಕೈಯನ್ನೂ ಮುಗಿದೆ.”

ಯಾರದೋ ಮಾತೆಂಬಂತೆ ಶುರು ಮಾಡಿದ್ದ ಪ್ರಶ್ನೆ ಅಷ್ಟರಲ್ಲೇ ತನ್ನದಾದದ್ದನ್ನು ಶಿಷ್ಯ ಗಮನಿಸಲಿಲ್ಲ. ಗುರುಗಳು ಗಮನಿಸಿದರು. ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನು ಜೀವಮಾನವೆಲ್ಲ ಕೆಲಸ ಮಾಡಿದ್ದು ಬಟ್ಟೆ ಗಿರಣಿಯ ಕಚೇರಿಯಲ್ಲಿ, ಕುರ್ಚಿಯ ಮೇಲೆ ಕೂತು. ಆದರೆ ಬಡಾವಣೆಯವರು ಅವನನ್ನು ಇಂಜಿನಿಯರೇ ಎಂದು ಕರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದ. ಯಾರ ಮನೆಯ ಫ್ಯೂಸು ಹೋದರೂ, ಯಾರ ಮನೆಯ ವೈರು ತುಂಡಾದರೂ ಹೋಗಿ ಸರಿಮಾಡಿ, ಕಾಫಿ ಕುಡಿದು ಬರುತ್ತಿದ್ದ. ಇಂಜಿನಿಯರೇ ಎಂದವರನ್ನು ಅವನು ಒಮ್ಮೆಯೂ ತಿದ್ದಿರಲಿಲ್ಲ. ಹಾಗೆ ತಿದ್ದುವುದು ಜಂಬವಾಗುತ್ತದೆ ಎಂಬುದು ಅವನ ಅಭಿಪ್ರಾಯ.

ಅವನ ಮನೆಯ ಹಿತ್ತಿಲಲ್ಲಿ ಒಂದು ಕೋಣೆಯಿತ್ತು. ಅದಕ್ಕೆ ತುಂಗಮ್ಮ ಎಂಬ ಹೆಂಗಸು ಬಾಡಿಗೆಗೆ ಬಂದಳು. ಒಂಟಿ ಜೀವ. ದೋಸೆ ಹಿಟ್ಟು, ಇಡ್ಲಿ ಹಿಟ್ಟು ರುಬ್ಬಿ ಮನೆಗಳಿಗೂ ಒಂದೆರಡು ಹೋಟೆಲುಗಳಿಗೂ ಕೊಡುವುದು ಅವಳ ಕಸುಬು. ಅವಳ ಜೊತೆಗೆ ಒಂದು ದೊಡ್ಡ ಗ್ರೈಂಡರೂ ಬಂತು. ಕೋಣೆಯಲ್ಲಿದ್ದ ಹಳೆಯ ವೈರು ಅದಕ್ಕೆ ಸಾಲದು. ಗೃಹಸ್ಥ, “ಎಲೆಕ್ಟ್ರಿಷಿಯನ್ ಯಾಕೆ, ನಾನಿಲ್ಲವೇ?” ಎಂದ.

ಅವನು ತಂದ ಹೊಸ ವೈರು ಕೋಣೆಯ ಬಾಗಿಲವರೆಗೆ ಬಂದು ಮುಗಿಯಿತು. ಇನ್ನೊಂದು ತುಂಡು ಜೋಡಿಸಬೇಕಾಯಿತು. ಮೇನ್ ಸ್ವಿಚ್ ಆರಿಸಿ, ಸ್ಟೂಲು ಹತ್ತಿ, ಬಾಗಿಲ ಮೇಲೆ ಸೂರಿನಡಿ ಜಾಯಿಂಟು ಹಾಕಿದ. ಬಿಗಿಯಾಗಿ ಜೋಡಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಎರಡೂ ತುದಿಗಳ ಪ್ಲಾಸ್ಟಿಕ್ಕನ್ನು ಬೆರಳುದ್ದ ಸುಲಿಯಬೇಕು, ತಾಮ್ರವನ್ನು ಕೆರೆದು ಹೊಳಪು ಬರಿಸಬೇಕು, ಒಂದರ ಸುತ್ತ ಒಂದನ್ನು ಇಕ್ಕಳದಿಂದ ಹಿಂಡಿ ಹೊಸೆಯಬೇಕು, ಎಳೆದು ನೋಡಬೇಕು, ಟೇಪು ಆಮೇಲಿನದು. ಇದನ್ನು ಅವನು ಬಡಾವಣೆಯವರಿಗೆ ಎಷ್ಟೋ ಸಲ ವಿವರಿಸಿದ್ದ. ಆದರೆ ಅಂದು ಬ್ಲೇಡು ಮೊಂಡಾಗಿತ್ತು. ಇಕ್ಕಳ ಅಟ್ಟದ ಮೇಲಿತ್ತು. ಒಳಗೆ ಹೆಂಡತಿ ಎಲೆ ಹಾಕಿ ಕರೆಯುತ್ತಿದ್ದಳು. ಉಗುರಿನಷ್ಟು ಸುಲಿದು, ಬೆರಳಲ್ಲೇ ಎರಡು ಸುತ್ತು ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿದ. ಟೇಪನ್ನು ಮಾತ್ರ ಬಹಳ ಅಂದವಾಗಿ ಸುತ್ತಿದ. ಕೆಳಗೆ ನಿಂತು ನೋಡುವವರಿಗೆ ಕಾಣುವುದು ಅದೊಂದೇ.

ಕೆಳಗಿಳಿದು ಬಲ್ಬು ಹಾಕಿದ. ಉರಿಯಿತು. “ನೋಡಿದಿರಾ ತುಂಗಮ್ಮ, ಇನ್ನು ನಿಮ್ಮ ಕಾಲಕ್ಕೂ ಏನೂ ಆಗುವುದಿಲ್ಲ,” ಎಂದು ಊಟಕ್ಕೆ ಹೋದ. ಬಲ್ಬು ಕೇಳುವುದು ಚೂರು ಕರೆಂಟು, ಸಡಿಲವಾದ ಜಾಯಿಂಟೂ ಅದನ್ನು ಕೊಡುತ್ತದೆ. ಗ್ರೈಂಡರು ಕೇಳುವುದು ಬಹಳ ಹೆಚ್ಚು, ಆಗ ಸಡಿಲ ಜಾಯಿಂಟು ಕಾದು ಸುಡುತ್ತದೆ. ಅವನು ಗ್ರೈಂಡರು ಹಾಕಿ ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ ತುಂಗಮ್ಮ ಬಂದು, “ಸಾರ್, ರುಬ್ಬುವಾಗ ಬಾಗಿಲ ಮೇಲಿಂದ ಸುಟ್ಟ ವಾಸನೆ ಬರುತ್ತದೆ,” ಎಂದಳು.

ಗೃಹಸ್ಥ ಸ್ಟೂಲು ಹತ್ತಿ ನೋಡಿದ. ಟೇಪು ಮೆತ್ತಗಾಗಿತ್ತು. ಅದನ್ನು ಬಿಚ್ಚಿದರೆ ಏನು ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ತುಂಗಮ್ಮ ಕೆಳಗೆ ಸ್ಟೂಲು ಹಿಡಿದುಕೊಂಡು ಮೇಲೆ ನೋಡುತ್ತಿದ್ದಳು. ಅವನು ಬಿಚ್ಚಲಿಲ್ಲ, ಮೇಲೆ ಇನ್ನೊಂದು ಸುತ್ತು ಹಾಕಿದ. “ನಿಮ್ಮ ಗ್ರೈಂಡರಿನದೇ ವಾಸನೆ. ಹಿಟ್ಟು ಉಕ್ಕಿ ಮೋಟಾರಿಗೆ ಇಳಿದಿರುತ್ತದೆ. ತೊಳೆದು ಒಣಗಿಸಿ ಇಡಬೇಕಮ್ಮ,” ಎಂದ. ತುಂಗಮ್ಮ ಗ್ರೈಂಡರು ತೊಳೆದಳು. ಮತ್ತೆ ವಾಸನೆ ಬಂತು, ಮತ್ತೆ ಹೇಳಿದಳು, ಅವನು ಮತ್ತೆ ಟೇಪು ಸುತ್ತಿದ. ಅವಳು ಮತ್ತೆ ಗ್ರೈಂಡರು ತೊಳೆದಳು. ಹೀಗೆ ಆ ಜಾಯಿಂಟು ಬದನೆಕಾಯಿ ಗಾತ್ರಕ್ಕೆ ಬೆಳೆಯಿತು. ಗ್ರೈಂಡರು ಮಾತ್ರ ಬಡಾವಣೆಯಲ್ಲೇ ಅತ್ಯಂತ ಶುಭ್ರವಾದ ಗ್ರೈಂಡರಾಯಿತು.

ಒಂದು ಬೆಳಿಗ್ಗೆ ಗ್ರೈಂಡರು ತಿರುಗುತ್ತಿದ್ದಾಗ ಜಾಯಿಂಟು ಹೊತ್ತಿಕೊಂಡಿತು. ಸೂರಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಗೆ ಬೆಂಕಿ ತಗುಲಿ, ಬಾಗಿಲಿಗೆ ಇಳಿದು, ಗ್ರೈಂಡರನ್ನೂ ಹಿಟ್ಟಿನ ಬಕೆಟ್ಟುಗಳನ್ನೂ ಸುಟ್ಟಿತು. ಅಕ್ಕಪಕ್ಕದವರು ಓಡಿ ಬಂದು, ಮೇನ್ ಆರಿಸಿ, ಮರಳು ಎರಚಿದರು. ಯಾರಿಗೂ ಏನೂ ಆಗಲಿಲ್ಲ. ಬೆಂಕಿ ಆರಿದ ಮೇಲೆ ಎಲ್ಲರೂ ಅವನ ಕಡೆ ತಿರುಗಿ, “ಏನಾಯಿತು ಇಂಜಿನಿಯರೇ?” ಎಂದು ಕೇಳಿದರು.

ತುಂಗಮ್ಮ ಆ ಹೊತ್ತಿನಲ್ಲಿ ಕೋಣೆಯ ಪಕ್ಕದಲ್ಲೇ, ಹಿತ್ತಿಲ ನಲ್ಲಿಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಗೃಹಸ್ಥ ಪೇಪರು ಓದುತ್ತ ಕಿಟಕಿಯಿಂದ ಅವಳನ್ನು ಕಂಡಿದ್ದ. ಆದರೆ ಇಂಜಿನಿಯರೇ ಎಂದು ಕರೆದವರ ಮುಂದೆ ಅವನ ಬಾಯಿಂದ ಬಂದ ಮಾತೇ ಬೇರೆ. “ಗ್ರೈಂಡರು ಹಾಕಿಟ್ಟು ಅಂಗಡಿಗೆ ಹೋಗಿರಬೇಕು,” ಎಂದ.

ಹೋಗಿದ್ದಳು ಎನ್ನಲಿಲ್ಲ, ಹೋಗಿರಬೇಕು ಎಂದ. ಆ ವ್ಯತ್ಯಾಸ ತನ್ನನ್ನು ಕಾಪಾಡುತ್ತದೆ ಎಂದುಕೊಂಡಿದ್ದ. ಸಂಜೆಯ ಹೊತ್ತಿಗೆ ಬಡಾವಣೆಯಲ್ಲಿ ಅದು, ಗ್ರೈಂಡರು ಹಾಕಿಟ್ಟು ಹರಟೆಗೆ ಹೋಗಿದ್ದಳಂತೆ ಎಂದಾಗಿತ್ತು. ಮಾರನೆಯ ದಿನ, ಪಾಪ ಇಂಜಿನಿಯರು, ಮನೆ ಉಳಿದದ್ದೇ ಹೆಚ್ಚು ಎಂದಾಯಿತು. ಹೋಟೆಲಿನವರು ಹಿಟ್ಟು ಬೇಡವೆಂದರು. ಬೆಂಕಿಯ ಮೇಲೆ ನಿಗಾ ಇಲ್ಲದವಳು ಹಿಟ್ಟಿನಲ್ಲಿ ಏನು ಬಿದ್ದರೂ ನೋಡುತ್ತಾಳೆಯೇ ಎಂದು ಹಿಟ್ಟು ಕೊಳ್ಳುತ್ತಿದ್ದ ಮನೆಗಳವರು ಮಾತಾಡಿಕೊಂಡರು. ತುಂಗಮ್ಮ ಬೇರೆ ಬೀದಿಯಲ್ಲಿ ಕೋಣೆ ಕೇಳಲು ಹೋದಳು. ಅವಳಿಗಿಂತ ಮೊದಲೇ ಅವಳ ಸುದ್ದಿ ಅಲ್ಲಿಗೆ ಹೋಗಿ ಕೂತಿತ್ತು.

ಗೃಹಸ್ಥ ಕೆಟ್ಟವನಲ್ಲ. ತುಂಗಮ್ಮನಿಗೆ ಮಲಗಲು ತನ್ನ ವರಾಂಡ ಬಿಟ್ಟುಕೊಟ್ಟ. ಎರಡು ಹೊತ್ತೂ ಊಟ ಕಳಿಸಿದ. ಸುಟ್ಟ ಬಾಗಿಲಿಗೆ ಬದಲು ಒಳ್ಳೆಯ ಬಾಗಿಲು ಮಾಡಿಸಲು ಬಡಗಿಗೆ ಹೇಳಿದ. ಇದನ್ನೆಲ್ಲ ಕಂಡ ಬಡಾವಣೆಯವರು, ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದರು. ಆ ಮಾತು ಕೇಳಿದಾಗಲೆಲ್ಲ ಅವನು ಬೇರೇನೋ ಮಾತು ತೆಗೆಯುತ್ತಿದ್ದ. ಬೆಳಿಗ್ಗೆ ತುಂಗಮ್ಮ ವರಾಂಡ ಗುಡಿಸುವಾಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಅವಳು ಗುಡಿಸಿ ಹಿತ್ತಿಲಿಗೆ ಹೋಗುವವರೆಗೆ ಒಂದು ಅಕ್ಷರವೂ ಓದಲಾಗುತ್ತಿರಲಿಲ್ಲ. ಜೇಬಿನ ಟೆಸ್ಟರನ್ನು ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟ. ಹೆಂಡತಿ ಯಾಕೆಂದು ಕೇಳಿದಾಗ, ಅಂಗಿಯ ಜೇಬು ಹರಿಯುತ್ತದೆ ಎಂದ. ಅವಳು ಜೇಬನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಕೇಳಲಿಲ್ಲ. ಅವಳು ಕೇಳದಿದ್ದದ್ದು ಅವನಿಗೆ ಇನ್ನೂ ಕಷ್ಟವಾಯಿತು.

ಒಂದು ದಿನ ತುಂಗಮ್ಮ ಅವನ ಕುರ್ಚಿಯ ಎದುರಿಗೆ ಬಂದು ನಿಂತಳು.

“ಸಾರ್, ನನಗೆ ಊಟ ಬೇಡ, ಬಾಗಿಲೂ ಬೇಡ. ನಾನು ಗ್ರೈಂಡರು ಬಿಟ್ಟು ಹೋಗಿರಲಿಲ್ಲ ಅಂತ ನಾಲ್ಕು ಜನರ ಮುಂದೆ ಒಂದು ಮಾತು ಹೇಳಿ. ನೀವು ಹೇಳಿದರೆ ನಂಬುತ್ತಾರೆ. ನಾನು ಹೇಳಿದರೆ ಬಾಯಿ ಜೋರು ಅನ್ನುತ್ತಾರೆ.”

“ಹೇಳೋಣ,” ಎಂದ ಗೃಹಸ್ಥ.

ಅವನು ಹೇಳಬೇಕೆಂದೇ ಇದ್ದ. ಆ ಭಾನುವಾರ ಬಡಾವಣೆಯ ಸಂಘದ ಸಭೆಯಿತ್ತು. ಸ್ನಾನ ಮಾಡುವಾಗ ಅವನು ಆ ಮಾತನ್ನು ಸ್ಪಷ್ಟವಾಗಿ ಹೇಳಿಕೊಂಡ. ಅಂಗಿ ಹಾಕಿಕೊಳ್ಳುವಾಗ ಅದು ಸ್ವಲ್ಪ ಚಿಕ್ಕದಾಯಿತು. ದಾರಿಯಲ್ಲಿ ಇಬ್ಬರು ನಮಸ್ಕಾರ ಇಂಜಿನಿಯರೇ ಎಂದ ಮೇಲೆ ಇನ್ನೂ ಚಿಕ್ಕದಾಯಿತು. ಮೈಕಿನ ಮುಂದೆ ನಿಂತಾಗ ಉಳಿದದ್ದು ಇಷ್ಟು: “ಮೊನ್ನೆ ನಮ್ಮ ಮನೆಯಲ್ಲಿ ನಡೆದ ಘಟನೆ ನಿಮಗೆಲ್ಲ ಗೊತ್ತೇ ಇದೆ. ಅದರಲ್ಲಿ ನನ್ನಿಂದಲೂ ಏನಾದರೂ ತಪ್ಪಾಗಿದ್ದರೆ, ಯಾರಿಗಾದರೂ ಮನಸ್ಸಿಗೆ ನೋವಾಗಿದ್ದರೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು.”

ಜನ ಚಪ್ಪಾಳೆ ತಟ್ಟಿದರು. ಸಂಘದ ಅಧ್ಯಕ್ಷರು ಎದ್ದು ನಿಂತು, ಮಾಡದ ತಪ್ಪಿಗೂ ಕ್ಷಮೆ ಕೇಳುವುದು ದೊಡ್ಡ ಗುಣ ಎಂದರು. ಮತ್ತೆ ಚಪ್ಪಾಳೆಯಾಯಿತು. ತುಂಗಮ್ಮನ ತಪ್ಪಿಗೆ ಅಂದಿನವರೆಗೆ ಬಾಯಿಮಾತಿನ ಆಧಾರವಷ್ಟೇ ಇತ್ತು. ಈಗ ಸಭೆಯ ಅನುಮೋದನೆಯೂ ಸಿಕ್ಕಿತು.

ಆಗ ಹಿಂದಿನಿಂದ, ಚಪ್ಪಲಿ ಬಿಡುವ ಜಾಗದಿಂದ, ತುಂಗಮ್ಮ ಕೇಳಿದಳು. “ಯಾವ ತಪ್ಪು ಸಾರ್?”

ಎಲ್ಲರೂ ತಿರುಗಿ ನೋಡಿದರು. “ದೊಡ್ಡವರು ಕ್ಷಮೆ ಕೇಳಿ ಆಯಿತಲ್ಲಮ್ಮ. ಇನ್ನೂ ಏನು ನಿಂದು?” ಎಂದು ಮುಂದಿನ ಸಾಲಿನ ಒಬ್ಬರು ರೇಗಿದರು.

“ಅವರ ಕ್ಷಮೆ ಅವರ ಹತ್ತಿರವೇ ಇರಲಿ. ಯಾವ ತಪ್ಪು ಅಂತ ಕೇಳಿದೆ,” ಎಂದಳು ತುಂಗಮ್ಮ.

ಗೃಹಸ್ಥನಿಗೆ ಕೂತುಕೊಳ್ಳುವ ಅವಕಾಶವಿತ್ತು. ಅವನ ಪರವಾಗಿ ಮಾತಾಡಲು ಸಭೆಯೇ ಸಿದ್ಧವಾಗಿತ್ತು. ಅವನು ಕುರ್ಚಿಯ ಬೆನ್ನನ್ನೂ ಹಿಡಿದುಕೊಂಡ. ಕಿವಿ ಬಿಸಿಯಾಗಿ, ಮೈಯ ಮೇಲೆ ಬಟ್ಟೆಯೇ ಇಲ್ಲದವನಂತೆ ಅನ್ನಿಸಿತು. ಇನ್ನೇನು ಕೂತೇಬಿಡುವವನು, ಅದೇಕೋ ಹಾಗೇ ನಿಂತ. ನಿಂತವನು ಮೈಕು ಬಿಟ್ಟು ಬರಿಯ ಬಾಯಲ್ಲಿ ಹೇಳಿದ.

“ಬಾಗಿಲ ಮೇಲಿನ ಜಾಯಿಂಟು ನಾನು ಹಾಕಿದ್ದು. ಸರಿಯಾಗಿ ಸುಲಿಯಲಿಲ್ಲ, ಬಿಗಿ ಮಾಡಲಿಲ್ಲ. ವಾಸನೆ ಬರುತ್ತದೆ ಎಂದು ಇವರು ಹೇಳುತ್ತಲೇ ಇದ್ದರು. ಬಿಚ್ಚಿದರೆ ನನ್ನ ಕೆಲಸ ಕಾಣುತ್ತದೆ ಎಂದು ಮೇಲೆ ಟೇಪು ಸುತ್ತಿದೆ, ತಪ್ಪನ್ನು ಗ್ರೈಂಡರಿನ ಮೇಲೆ ಹಾಕಿದೆ. ಬೆಂಕಿ ಬಿದ್ದಾಗ ಇವರು ನಲ್ಲಿಯ ಹತ್ತಿರ ಅಕ್ಕಿ ತೊಳೆಯುತ್ತಿದ್ದರು. ನಾನು ಕಣ್ಣಾರೆ ನೋಡಿದ್ದೆ. ಅಂಗಡಿಗೆ ಹೋಗಿರಬೇಕೆಂದು ಹೇಳಿದವನೂ ನಾನೇ. ನಾನು ಇಂಜಿನಿಯರೂ ಅಲ್ಲ.”

ಕೊನೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಆದರೆ ಬಾಯಿ ತೆರೆದ ಮೇಲೆ ಅದೂ ಬಂತು.

ಈ ಸಲ ಚಪ್ಪಾಳೆಯಾಗಲಿಲ್ಲ. ಅಧ್ಯಕ್ಷರು ಗೋಡೆಯ ಗಡಿಯಾರ ನೋಡಿ, ಇದನ್ನು ಸಭೆಯಲ್ಲಿ ಹೇಳುವ ಅಗತ್ಯವಿರಲಿಲ್ಲ ಎಂದು ಪಕ್ಕದವರ ಕಿವಿಯಲ್ಲಿ ಹೇಳಿ, ಸಭೆ ಮುಗಿಯಿತು ಎಂದರು. ಕಾಫಿಗೆ ಯಾರೂ ನಿಲ್ಲಲಿಲ್ಲ. ಅವರವರ ಮನೆಯಲ್ಲಿ ಅವನು ಹಾಕಿದ್ದ ಒಂದಾದರೂ ಜಾಯಿಂಟು ಇತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಕಾದ. ಕತೆ ಮುಂದುವರಿಯಲಿಲ್ಲ. ಅವನ ಮುಖ ಬಾಡಿತ್ತು. ಕೇಳಲೋ ಬೇಡವೋ ಎಂದು ತಡೆದು, ಕೊನೆಗೆ ಕೇಳಿಯೇಬಿಟ್ಟ.

“ಗುರುಗಳೇ, ಆಮೇಲೆ ಆ ಗೃಹಸ್ಥನ ಮರ್ಯಾದೆ ಏನಾಯಿತು?”

“ತುಂಗಮ್ಮನ ಮರ್ಯಾದೆ ಏನಾಯಿತೆಂದು ನೀನು ಕೇಳಲಿಲ್ಲ,” ಎಂದರು ಗುರುಗಳು.